ಗಣಿ ಮುಚ್ಚಿದರೂ ಧೂಳು ನಿಲ್ಲದೇಕೆ?

ಪ್ರಶ್ನೆ: ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ಗಣಿ ಮುಚ್ಚುವಾಗಲೇ ಏಕೆ ಸರಿಪಡಿಸಲಿಲ್ಲ?

ಉತ್ತರ: ಅಲ್ಲಿ ಕೆಲಸ ನಿಂತದ್ದು 2001ರ ಫೆಬ್ರವರಿ 28ರಂದು. ಗಣಿಗಳಿಗೆ ಮುಚ್ಚುವ ಯೋಜನೆಯನ್ನೂ ಅದಕ್ಕೊಂದು ಹಣದ ಖಾತರಿಯನ್ನೂ ನಿಯಮಗಳು ಕಡ್ಡಾಯ ಮಾಡಿದ್ದು 2003ರಲ್ಲಿ. ಆ ಅಂತರದ ಬೆಲೆಯನ್ನು ಊರಿನವರು ಈಗಲೂ ತೆರುತ್ತಿದ್ದಾರೆ.

ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯೇ ಈ ದಿಬ್ಬಗಳು. ಸೈನೈಡ್ ಬಿಸಿಲಿಗೆ ಬಹುಮಟ್ಟಿಗೆ ಒಡೆದುಹೋಗುತ್ತದೆ. ಸಿಲಿಕಾ ಧೂಳು ಹಾಗಲ್ಲ. ಗಾಳಿ ಎದ್ದರೆ ಮನೆಗಳಿಗೇ ನುಗ್ಗುತ್ತದೆ. ಇಳಿಜಾರು ತಗ್ಗಿಸಿ, ಮೇಲ್ಮಣ್ಣು ಹೊದಿಸಿ, ಹುಲ್ಲು ಬೆಳೆಸಿದರೆ ಅದನ್ನು ಹಿಡಿದಿಡಬಹುದು. ಆದರೆ ಆ ಮೇಲ್ಮಣ್ಣನ್ನು ಅಗೆಯುವ ಮೊದಲ ದಿನವೇ ಕೂಡಿಡಬೇಕು, ಹಣವನ್ನು ಲಾಭವಿದ್ದಾಗಲೇ ತೆಗೆದಿಡಬೇಕು. ನಷ್ಟದಲ್ಲಿ ಬಾಗಿಲು ಹಾಕುವ ಕಂಪನಿಯ ಕೈಯಲ್ಲಿ ಏನು ಉಳಿದಿರುತ್ತದೆ?