ರೇಡಿಯೋಥೆರಪಿ: ಮಾಸ್ಕ್ ಹಾಕಿಸಿಕೊಳ್ಳುವ ಮುನ್ನ

ಬಾಯಿ ಅಥವಾ ಗಂಟಲಿನ ಕ್ಯಾನ್ಸರ್‌ಗೆ ರೇಡಿಯೋಥೆರಪಿ ಬೇಕೆಂದು ಡಾಕ್ಟರು ಹೇಳಿದೊಡನೆ ಮನೆಯವರು ಕೇಳುವ ಮೊದಲ ಪ್ರಶ್ನೆ, ನೋಯುತ್ತದೆಯೇ ಎಂದು. ಕಿರಣ ಬೀಳುವಾಗ ನೋಯುವುದಿಲ್ಲ. ಹಳ್ಳಿ ಕಡೆ ‘ಕರೆಂಟ್ ಕೊಡ್ತಾರೆ’ ಎನ್ನುವುದುಂಟು. ಆದರೆ ವಿದ್ಯುತ್ ಮೈಗೆ ಸೋಕುವುದೇ ಇಲ್ಲ. ಲಿನಿಯರ್ ಆಕ್ಸಿಲರೇಟರ್ ಎಂಬ ಯಂತ್ರ, ಎಕ್ಸ್‌ರೇ ಜಾತಿಯದೇ ಆದರೂ ಬಹಳ ಬಲವಾದ ಕಿರಣವನ್ನು ಗಡ್ಡೆಯ ಮೇಲೆ ಹಾಯಿಸುತ್ತದೆ. ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6ರಿಂದ 7 ವಾರ. ಕಷ್ಟವಿರುವುದು ಎರಡು ಕಡೆ. ಒಂದು, ಮೇಜಿನ ಮೇಲೆ ಅಲುಗಾಡದೆ ಮಲಗುವುದು. ಇನ್ನೊಂದು, ಎರಡು ಮೂರು ವಾರ ಕಳೆದ ಮೇಲೆ ಬಾಯಿ ಹುಣ್ಣಾಗುವುದು.

ಅಲುಗಾಡಬಾರದು ಏಕೆಂದರೆ ಗುರಿ ಮಿಲಿಮೀಟರ್ ಲೆಕ್ಕದ್ದು. ಪಕ್ಕದಲ್ಲೇ ಬೆನ್ನುಹುರಿ, ಜೊಲ್ಲಿನ ಗ್ರಂಥಿಗಳಿವೆ. ಅದಕ್ಕೇ ಥರ್ಮೋಪ್ಲಾಸ್ಟಿಕ್ ಮಾಸ್ಕ್. ಇದು ಬಿಸಿನೀರಿನಲ್ಲಿ ಮೆತ್ತಗಾಗಿ, ಆರಿದರೆ ಬಿರುಸಾಗುವ, ಮೈತುಂಬ ತೂತುಗಳಿರುವ ಪ್ಲಾಸ್ಟಿಕ್ ಹಾಳೆ. ಸುಮಾರು 70 ಡಿಗ್ರಿ ನೀರಿನಲ್ಲಿ ಅದ್ದಿ, ನೀರು ಒರೆಸಿ, ಮುಖದ ಮೇಲೆ ಎಳೆದು ಒತ್ತುತ್ತಾರೆ. ಬಿಸಿನೀರಲ್ಲಿ ಹಿಂಡಿದ ಟವೆಲ್ ಹಾಕಿದಂತಿರುತ್ತದೆ, ಸುಡುವುದಿಲ್ಲ. ಕೆಲವು ನಿಮಿಷಗಳಲ್ಲಿ ಅದು ನಿಮ್ಮ ಮುಖದ ಅಚ್ಚಾಗಿ ಗಟ್ಟಿಯಾಗುತ್ತದೆ. ಅಂಚುಗಳನ್ನು ಮೇಜಿಗೆ ಸಿಕ್ಕಿಸುತ್ತಾರೆ. ತೂತುಗಳಿಂದ ಉಸಿರಾಡಬಹುದು. ಹಾಗೇ ಮಲಗಿಸಿ ಸಿ.ಟಿ. ಸ್ಕ್ಯಾನ್ ತೆಗೆಯುತ್ತಾರೆ, ಇದಕ್ಕೆ ಸಿಮ್ಯುಲೇಶನ್, ಅಂದರೆ ಚಿಕಿತ್ಸೆಯ ತಾಲೀಮು, ಎಂದು ಹೆಸರು. ಆ ಚಿತ್ರ ನೋಡಿ ಕಿರಣದ ದಾರಿ ಗೊತ್ತುಮಾಡಲು ಡಾಕ್ಟರು ಮತ್ತು ಮೆಡಿಕಲ್ ಫಿಸಿಸಿಸ್ಟ್‌ಗೆ ಕೆಲವು ದಿನ ಬೇಕು.

ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯಲ್ಲಿ ಸಂಕೋಚ ಬಿಡಬೇಕಾದ ದಿನ ಈ ಅಚ್ಚು ತೆಗೆಯುವ ದಿನವೇ. ಅಂದು ಯಾವ ಭಂಗಿಯಲ್ಲಿ ಮಲಗಿದಿರೋ ಕೊನೆಯ ದಿನದವರೆಗೂ ಅದೇ ಭಂಗಿ. ತಲೆಯಡಿಯ ಆಸರೆ ಒತ್ತುತ್ತಿದ್ದರೆ, ಸೊಂಟ ನೋಯುತ್ತಿದ್ದರೆ ಆಗಲೇ ಹೇಳಿ. ಮಂಡಿಯ ಕೆಳಗೆ ದಿಂಬು ಕೊಡುತ್ತಾರೆ. ತುರುಬು ಕಟ್ಟಿಕೊಂಡು ಹೋಗಬೇಡಿ, ತಲೆ ಎತ್ತರವಾಗುತ್ತದೆ. ಮೂಗುತಿ, ಓಲೆ ಮನೆಯಲ್ಲೇ ಬಿಚ್ಚಿಡಿ. ಹಲ್ಲಿನ ಸೆಟ್ಟಿದ್ದರೆ ತಿಳಿಸಿ. ಗಡ್ಡ ಬೋಳಿಸಿ ಅಚ್ಚು ತೆಗೆಸಿ ಆಮೇಲೆ ಬೆಳೆಸಿದರೆ ಮಾಸ್ಕ್ ಬಿಗಿಯಾಗುತ್ತದೆ.

ಮುಖ ಮುಚ್ಚಿದರೆ ಎದೆ ಡವಡವ ಎನ್ನುವವರು ಹಲವರು. ನಾಚಿಕೆಪಡುವಂಥದ್ದೇನಲ್ಲ. ಕಣ್ಣಿನ ಜಾಗ ಕತ್ತರಿಸಿ ಕೊಡಲು ಸಾಧ್ಯವೇ ಎಂದು ಕೇಳಿ. ಎಷ್ಟೋ ಸಲ ಆಗುತ್ತದೆ. ಅಷ್ಟಕ್ಕೂ ತಡೆಯದಿದ್ದರೆ ಡಾಕ್ಟರು ಆತಂಕ ಇಳಿಸುವ ಮಾತ್ರೆ ಕೊಡಬಹುದು. ಅದು ನುಂಗಿದ ದಿನ ಜೊತೆಗೊಬ್ಬರು ಇರಲಿ.

ಚಿಕಿತ್ಸೆಯ ಕೋಣೆಯಲ್ಲಿ ನೀವೊಬ್ಬರೇ. ಆದರೆ ಹೊರಗೆ ಟೆಕ್ನಾಲಜಿಸ್ಟ್ ಕ್ಯಾಮೆರಾದಲ್ಲಿ ನೋಡುತ್ತಲೇ ಇರುತ್ತಾರೆ. ಕೆಮ್ಮು ಬಂದರೆ, ಉಸಿರು ಕಟ್ಟಿದಂತಾದರೆ ಕೈ ಎತ್ತಿ. ಕಿರಣ ನಿಲ್ಲಿಸಿ ಒಳಗೆ ಬರುತ್ತಾರೆ. ಈ ಸನ್ನೆಯನ್ನು ಮೊದಲ ದಿನವೇ ಮಾತಾಡಿಕೊಳ್ಳಿ. ಒಟ್ಟು 10–15 ನಿಮಿಷ. ಕಿರಣ ಬೀಳುವುದು ಅದರಲ್ಲಿ ಕೆಲವೇ ನಿಮಿಷ. ಎ.ಸಿ.ಯ ಚಳಿ ಜಾಸ್ತಿ, ಕಾಲಿಗೆ ಹೊದಿಕೆ ಕೇಳಿ. ಮನೆಗೆ ಬಂದು ಮೊಮ್ಮಗುವನ್ನು ಎತ್ತಿಕೊಳ್ಳಬಹುದೇ? ಧಾರಾಳವಾಗಿ. ಹೊರಗಿನಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲ.

ಇನ್ನು ಬಾಯಿ. ಶುರುವಿಗೆ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಕೀಳಿಸುವ ಹಲ್ಲಿದ್ದರೆ ಆಗಲೇ ಕೀಳಿಸಬೇಕು. ಕಿರಣ ತಾಗಿದ ದವಡೆಯ ಗಾಯ ಸುಲಭವಾಗಿ ಮಾಯುವುದಿಲ್ಲ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ ದಿನಕ್ಕೆ ಹಲವು ಸಲ ಮುಕ್ಕಳಿಸಿ ಉಗುಳಿ. ಖಾರ, ಹುಳಿ, ಬಿಸಿಬಿಸಿ ಬೇಡ. ರಾಗಿ ಗಂಜಿ, ಮಿದ್ದ ಮೊಸರನ್ನ, ಮೆತ್ತಗೆ ಬೇಯಿಸಿದ ಮೊಟ್ಟೆ ಇಳಿಯುತ್ತವೆ. ನುಂಗಲು ನೋವಾದರೆ ಊಟಕ್ಕೆ ಮೊದಲು ತೆಗೆದುಕೊಳ್ಳುವ ಔಷಧಿ ಕೇಳಿ ಬರೆಸಿಕೊಳ್ಳಿ. ಮೂಗಿನ ನಳಿಕೆ ಹಾಕಬೇಕೆಂದರೆ ಹೆದರಬೇಡಿ. ಅದು ಹೊಟ್ಟೆಗೆ ಅನ್ನ ಮುಟ್ಟಿಸುವ ತಾತ್ಕಾಲಿಕ ದಾರಿ. ತೂಕ ಇಳಿದರೆ ಮಾಸ್ಕ್ ಸಡಿಲವಾಗಿ ಹೊಸದು ಮಾಡಬೇಕಾಗಬಹುದು. ಎಲೆಅಡಿಕೆ, ತಂಬಾಕು ಪೂರ್ತಿ ಬಂದ್. ಕುತ್ತಿಗೆ ಕಪ್ಪಾಗಿ ಉರಿದರೆ ಅರಿಸಿನ, ಎಣ್ಣೆ, ಪೌಡರ್ ಏನನ್ನೂ ಕೇಳದೆ ಹಚ್ಚಬೇಡಿ. ಸುಸ್ತೆಂದು ನೀವಾಗಿಯೇ ನಡುವೆ ದಿನ ತಪ್ಪಿಸಬೇಡಿ, ಚಿಕಿತ್ಸೆಯ ಪರಿಣಾಮ ಕುಗ್ಗುತ್ತದೆ.

ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗೆ ಈ ಮಾಸ್ಕ್ ಇಲ್ಲ. ಅಲ್ಲಿ ನೀರು ಕುಡಿದು ಮೂತ್ರ ತಡೆದುಕೊಂಡು ಮಲಗಿ ಎನ್ನುತ್ತಾರೆ; ತುಂಬಿದ ಮೂತ್ರಕೋಶ ಕರುಳನ್ನು ಕಿರಣದ ದಾರಿಯಿಂದ ಆಚೆ ಸರಿಸುತ್ತದೆ. ತಡೆಯಲಾಗದಿದ್ದರೆ ಮೇಜು ಹತ್ತುವ ಮೊದಲೇ ಹೇಳಿ.

ಖರ್ಚು ಆಸ್ಪತ್ರೆ ಮತ್ತು ತಂತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ, ಸರ್ಕಾರ ಭರಿಸುತ್ತದೆ. ಮಾಸ್ಕಿನ ದುಡ್ಡು ಪ್ಯಾಕೇಜಿನೊಳಗೇ ಸೇರಿದೆಯೇ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ಕಲಬುರಗಿಯಲ್ಲಿರುವ ಅದರ ಕೇಂದ್ರ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಮಣಿಪಾಲದ ಕೆ.ಎಂ.ಸಿ.ಯಲ್ಲಿ ಈ ಚಿಕಿತ್ಸೆ ಸಿಗುತ್ತದೆ. ದೂರದೂರಿನವರು ರೈಲ್ವೆ ರಿಯಾಯಿತಿಯ ಪ್ರಮಾಣಪತ್ರ ಬರೆಸಿಕೊಳ್ಳಿ: ಸ್ಲೀಪರ್ ಮತ್ತು ತ್ರೀಟಯರ್ ಎ.ಸಿ.ಯಲ್ಲಿ ರೋಗಿಗೆ ಪೂರ್ತಿ ವಿನಾಯಿತಿ, ಜೊತೆಗೆ ಬರುವ ಒಬ್ಬರಿಗೆ ಶೇ. 75.