ಬಾಗಿಲು ಎರಡು, ದಾರಿ ಒಂದೇ

ಮಗ ಅಥವಾ ಮಗಳು ರಜೆಯಲ್ಲಿ ಸ್ಕೂಬಾ ಡೈವಿಂಗ್‌ಗೆ ಹೊರಟರೆ ಮನೆಯವರು ಕೇಳುವ ಪ್ರಶ್ನೆಗಳೆಲ್ಲ ನೀರಿನವು. ಈಜು ಬರುತ್ತದೆಯೇ? ಸಿಲಿಂಡರ್ ಸರಿಯಿದೆಯೇ? ಜೊತೆಗೆ ಯಾರಿರುತ್ತಾರೆ? ಬೆಂಕಿಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಸುತ್ತ ಸಮುದ್ರವಿರುವಾಗ ಬೆಂಕಿ ಎಲ್ಲಿಂದ ಬಂತು ಅನ್ನಿಸುವುದು ಸಹಜ.

‘ಕನ್ಸೆಪ್ಷನ್’ ದೋಣಿಯ ಕತೆ ಈ ನಂಬಿಕೆಯನ್ನು ಸುಳ್ಳಾಗಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ದ್ವೀಪದ ಬಳಿ ಲಂಗರು ಹಾಕಿದ್ದ ಈ 75 ಅಡಿಯ ದೋಣಿಗೆ 2019ರ ಸೆಪ್ಟೆಂಬರ್ 2ರಂದು ನಸುಕಿನ ಮೂರು ಗಂಟೆಯ ಸುಮಾರಿಗೆ ಬೆಂಕಿ ಬಿತ್ತು. ದೋಣಿಯಲ್ಲಿದ್ದವರು 39 ಮಂದಿ. ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 33 ಪ್ರಯಾಣಿಕರು ಮತ್ತು ಒಬ್ಬ ಸಿಬ್ಬಂದಿ, ಹೀಗೆ 34 ಜನ ಸತ್ತರು. ಮೇಲಿನ ಅಂತಸ್ತಿನಲ್ಲಿ ಮಲಗಿದ್ದ ಐವರು ಸಿಬ್ಬಂದಿ ನೀರಿಗೆ ಹಾರಿ ಬದುಕಿದರು.

ಕೆಳಗಿದ್ದವರು ನಿದ್ದೆಯಲ್ಲೇ ಹೋದರೆಂದು ಮೊದಲು ಅಂದುಕೊಂಡಿದ್ದರು. ಆದರೆ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ತಿಳಿದುಬಂದದ್ದೇ ಬೇರೆ. ಹೆಚ್ಚಿನವರು ಎಚ್ಚರಗೊಂಡಿದ್ದರು, ಹೊರಬರಲು ದಾರಿಯಿರಲಿಲ್ಲ. ಮಲಗುವ ಕೋಣೆಗೆ ಒಂದು ಮೆಟ್ಟಿಲು, ಹಿಂಭಾಗದಲ್ಲಿ ಮಂಚದ ಮೇಲ್ಗಡೆ ಒಂದು ಸಣ್ಣ ಕಿಂಡಿ ಇದ್ದವು. ಲೆಕ್ಕಕ್ಕೆ ಎರಡು ಬಾಗಿಲು. ಎರಡೂ ತೆರೆಯುತ್ತಿದ್ದುದು ಮಾತ್ರ ಮೇಲಿನ ಊಟದ ಕೋಣೆಗೇ. ಬೆಂಕಿ ಇದ್ದದ್ದೂ ಅಲ್ಲೇ! ಆ ಕೋಣೆಯಲ್ಲಿ ಹೊಗೆಯ ಅಲಾರಂ ಇರಲಿಲ್ಲ, ಇರಬೇಕೆಂಬ ನಿಯಮವೂ ಇರಲಿಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ ದೋಣಿ ತಪಾಸಣೆಯಲ್ಲಿ ಪಾಸಾಗಿತ್ತು.

ಇದ್ದ ಒಂದು ನಿಯಮವನ್ನು ಯಾರೂ ಪಾಲಿಸಲಿಲ್ಲ. ರಾತ್ರಿಯಿಡೀ ಸಿಬ್ಬಂದಿಯಲ್ಲೊಬ್ಬರು ಎದ್ದಿದ್ದು ದೋಣಿಯಲ್ಲಿ ಸುತ್ತು ಹಾಕಬೇಕಿತ್ತು. ಅಂದು ಎಲ್ಲರೂ ಮಲಗಿದ್ದರು. ಆರೇಳು ಜನರಿರುವ ಸಿಬ್ಬಂದಿಯಲ್ಲಿ ಒಬ್ಬರ ನಿದ್ದೆ ಕೆಡಿಸುವುದೇನು ದೊಡ್ಡ ಖರ್ಚೇ? ಕ್ಯಾಪ್ಟನ್ ತಪ್ಪಿತಸ್ಥನೆಂದು 2023ರಲ್ಲಿ ತೀರ್ಪಾಗಿ, 2024ರಲ್ಲಿ ನಾಲ್ಕು ವರ್ಷದ ಶಿಕ್ಷೆಯಾಯಿತು.

ದೋಣಿ ಸುಟ್ಟು ಮುಳುಗಿದ್ದರಿಂದ ಬೆಂಕಿಯ ಮೂಲ ಖಚಿತವಾಗಲಿಲ್ಲ. ಆದರೆ ಊಟದ ಕೋಣೆಯಲ್ಲಿ ಮೊಬೈಲು, ಕ್ಯಾಮೆರಾಗಳ ಬ್ಯಾಟರಿಗಳನ್ನು ಚಾರ್ಜಿಗೆ ಹಾಕುತ್ತಿದ್ದರು. ಲಿಥಿಯಂ ಬ್ಯಾಟರಿ ಒಳಗೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಒಂದು ಹೊತ್ತಿದರೆ ಪಕ್ಕದ್ದಕ್ಕೂ ಹಬ್ಬುತ್ತದೆ, ಆರಿತೆಂದುಕೊಂಡ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಹಾಸಿಗೆಯ ಮೇಲೆ ಫೋನ್ ಚಾರ್ಜಿಗಿಟ್ಟು ಮಲಗುವ ಹಾಸ್ಟೆಲ್ ಹುಡುಗರೂ ಇದನ್ನು ತಿಳಿದಿರಲಿ.

ನಮ್ಮ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ಡೈವಿಂಗ್ ಪ್ರವಾಸ ಹಗಲಿನದು. ಅಲ್ಲಿ ರಾತ್ರಿ ಕಾವಲಿನ ಪ್ರಶ್ನೆ ಬಾರದು. ಆದರೂ ದೋಣಿ ಹತ್ತಿದ ಕೂಡಲೇ ಲೈಫ್ ಜಾಕೆಟ್ ಎಲ್ಲಿದೆ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ, ಅದನ್ನು ಬಳಸಲು ಯಾರಿಗೆ ಬರುತ್ತದೆ ಎಂದು ಕೇಳಿಕೊಳ್ಳಿ. ರಾತ್ರಿ ತಂಗುವ ದೋಣಿಯಾದರೆ ಮಲಗುವ ಮುಂಚೆ ಎರಡನೆಯ ಬಾಗಿಲನ್ನು ನೀವೇ ತೆರೆದು, ಹತ್ತಿ, ಅದು ಎಲ್ಲಿಗೆ ಹೋಗುತ್ತದೆಂದು ನೋಡಿ ಬನ್ನಿ. ಇವತ್ತು ರಾತ್ರಿ ಎದ್ದಿರುವವರು ಯಾರು ಎಂದು ಹೆಸರು ಹಿಡಿದು ಕೇಳಿ.