ಔಷಧ ಕಾರ್ಖಾನೆಗಳ ತ್ಯಾಜ್ಯನೀರು: ಬ್ಯಾಕ್ಟೀರಿಯಾ ಸೋತಲ್ಲಿ ರಸಾಯನದ ನೆರವು

ಹೈದರಾಬಾದ್ ಹೊರವಲಯದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ತಯಾರಿಕಾ ಘಟಕಗಳ ಕೊಳಚೆಯನ್ನು ಶುದ್ಧೀಕರಿಸುತ್ತಿದ್ದ ಸಾಮೂಹಿಕ ಸಂಸ್ಕರಣಾ ಘಟಕವೊಂದಿತ್ತು. ಅಲ್ಲಿಂದ ಹೊರಬರುತ್ತಿದ್ದ ನೀರನ್ನು ಸ್ವೀಡನ್ನಿನ ವಿಜ್ಞಾನಿ ಜೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿ, 2007ರಲ್ಲಿ ವರದಿ ಪ್ರಕಟಿಸಿದರು. ಸಂಸ್ಕರಣೆ ಮುಗಿದ ಆ ನೀರಿನ ಪ್ರತಿ ಲೀಟರಿನಲ್ಲಿ ಗರಿಷ್ಠ 31 ಮಿಲಿಗ್ರಾಂ ಸಿಪ್ರೋಫ್ಲಾಕ್ಸಾಸಿನ್ ಇತ್ತು. ಈ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಸಹ ಅಷ್ಟು ಔಷಧ ಇರುವುದಿಲ್ಲ.

ಅಲ್ಲಿ ನಡೆಯುತ್ತಿದ್ದುದು ಜೈವಿಕ ಸಂಸ್ಕರಣೆ. ತೊಟ್ಟಿಗೆ ಗಾಳಿ ಊದಿ, ಕೆಸರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಅವುಗಳಿಗೆ ಕೊಳೆಯನ್ನೇ ಆಹಾರವಾಗಿ ಉಣಿಸುವ ಈ ವಿಧಾನವನ್ನು 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಜಗತ್ತಿಗೆ ಪರಿಚಯಿಸಿದ್ದರು. ಊರಿನ ಒಳಚರಂಡಿ ನೀರಿಗೆ ಇಂದಿಗೂ ಇದೇ ಮುಖ್ಯ ಆಧಾರ. ಆದರೆ ಸಿಪ್ರೋಫ್ಲಾಕ್ಸಾಸಿನ್ ಬ್ಯಾಕ್ಟೀರಿಯಾವನ್ನು ಕೊಲ್ಲಲೆಂದೇ ತಯಾರಾದ ವಸ್ತು. ಅದನ್ನು ತಿಂದು ಅರಗಿಸಿಕೊಳ್ಳಿರೆಂದು ಬ್ಯಾಕ್ಟೀರಿಯಾಗಳಿಗೇ ಒಪ್ಪಿಸಿದರೆ ಹಲವು ಸಾಯುತ್ತವೆ. ಬದುಕುಳಿದವು ಔಷಧಕ್ಕೆ ಜಗ್ಗದ ತಳಿಗಳಾಗಿ ನೀರಿನೊಡನೆ ಹೊರಬೀಳುತ್ತವೆ. ನಾಳೆ ಆಸ್ಪತ್ರೆಯಲ್ಲಿ ವೈದ್ಯರು ಕೊಟ್ಟ ಮಾತ್ರೆ ಕೆಲಸ ಮಾಡದೆ ಹೋಗುವುದಕ್ಕೆ ಇದೂ ಒಂದು ದಾರಿ.

ಇಂತಹ ಗಟ್ಟಿ ಅಣುಗಳನ್ನು ಒಡೆಯಬಲ್ಲ ರಸಾಯನ ಕ್ರಿಯೆ ಇನ್ನೂ ಹಳೆಯದು. 1894ರಲ್ಲಿ ಕೇಂಬ್ರಿಜ್‌ನ ಹೆನ್ರಿ ಫೆಂಟನ್, ನಮ್ಮ ಹುಣಸೆಹಣ್ಣಿನಲ್ಲೂ ಇರುವ ಟಾರ್ಟಾರಿಕ್ ಆಮ್ಲದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕಬ್ಬಿಣದ ಲವಣಗಳ ಜೋಡಿ ತೋರುವ ಪರಿಣಾಮವನ್ನು ವಿವರಿಸಿದ್ದರು. ಈ ಜೋಡಿಯಿಂದ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಕಣ ಅತ್ಯಲ್ಪ ಕಾಲ ಬದುಕುತ್ತದೆ. ಆದರೆ ಅಷ್ಟರಲ್ಲೇ ಎದುರಾದ ಬಹುತೇಕ ಯಾವುದೇ ಸಾವಯವ ಅಣುವಿನ ಮೇಲೆರಗುತ್ತದೆ. ಓಝೋನ್ ಅನಿಲದಿಂದಲೂ ಇದೇ ಬಗೆಯ ಕೆಲಸ ಮಾಡಿಸಬಹುದು.

ಹಾಗಾದರೆ ಎಲ್ಲವನ್ನೂ ಪೆರಾಕ್ಸೈಡಿನಿಂದಲೇ ಸುಟ್ಟುಬಿಡಬಾರದೇಕೆ? ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ನೀರಿನಲ್ಲಿರುವ ಕೊಳೆಯನ್ನು ರಾಸಾಯನಿಕವಾಗಿ ಪೂರ್ಣ ಸುಡಲು ಬೇಕಾಗುವ ಆಮ್ಲಜನಕದ ಪ್ರಮಾಣಕ್ಕೆ ಸಿಒಡಿ ಎನ್ನುತ್ತಾರೆ. ಒಂದು ಕಿಲೋ ಸಿಒಡಿ ನೀಗಿಸಲು ಸಿದ್ಧಾಂತದ ಪ್ರಕಾರ 2.1 ಕಿಲೋಗಿಂತ ಹೆಚ್ಚು ಪೆರಾಕ್ಸೈಡ್ ಬೇಕು. ಲೀಟರಿಗೆ 10,000 ಮಿಲಿಗ್ರಾಂ ಸಿಒಡಿ ಇರುವ ಒಂದು ಸಾವಿರ ಲೀಟರ್ ನೀರಿಗೆ, ಶೇ 50ರ ಸಾಂದ್ರತೆಯ ಪೆರಾಕ್ಸೈಡ್ 40 ಕಿಲೋಗೂ ಮೀರಿ ಸುರಿಯಬೇಕಾಗುತ್ತದೆ. ಬ್ಯಾಕ್ಟೀರಿಯಾ ಕೇಳುವುದು ಗಾಳಿ ಮತ್ತು ಅದನ್ನು ಊದುವ ವಿದ್ಯುತ್ತನ್ನು ಮಾತ್ರ.

ಆದ್ದರಿಂದಲೇ ಎರಡನ್ನೂ ಜೋಡಿಸುವ ಕ್ರಮ ಬಂದಿತು. ರಸಾಯನ ಅಣುವನ್ನು ಪೂರ್ತಿ ಸುಡುವುದಿಲ್ಲ. ಅದರ ಉಂಗುರಗಳನ್ನು ಮುರಿದು, ಬ್ಯಾಕ್ಟೀರಿಯಾ ತಿನ್ನಬಲ್ಲ ತುಣುಕುಗಳನ್ನಾಗಿ ಮಾಡಿ ಬಿಡುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಇನ್ನೊಂದು ಅಳತೆಯಾದ ಬಿಒಡಿ ಸೂಚಿಸುತ್ತದೆ. ಇದು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಪ್ರಮಾಣ. ಬಿಒಡಿಯು ಸಿಒಡಿಯ ಐದನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಆ ನೀರು ಬ್ಯಾಕ್ಟೀರಿಯಾಕ್ಕೆ ಒಗ್ಗದು. ಐದರಲ್ಲಿ ಎರಡು ಭಾಗ ದಾಟಿದರೆ ಜೈವಿಕ ತೊಟ್ಟಿಗೆ ಬಿಡಬಹುದು.

ಕಾಗದದ ಮೇಲೆ ಇದು ಸರಳ, ಕಾರ್ಖಾನೆಯ ಅಂಗಳದಲ್ಲಿ ಹಾಗಲ್ಲ. ಫೆಂಟನ್ ಕ್ರಿಯೆಗೆ ನೀರು ಪಿಎಚ್ 3ರ ಸುಮಾರಿಗೆ ಆಮ್ಲೀಯವಾಗಿರಬೇಕು. ಆಮೇಲೆ ಸುಣ್ಣ ಅಥವಾ ಕಾಸ್ಟಿಕ್ ಬೆರೆಸಿ ತಟಸ್ಥಗೊಳಿಸಿದಾಗ ಕಬ್ಬಿಣದ ಕೆಸರು ತಳ ಸೇರುತ್ತದೆ. ಅದರ ವಿಲೇವಾರಿ ಪ್ರತ್ಯೇಕ ತಲೆನೋವು. ಪೆರಾಕ್ಸೈಡ್ ಉಳಿದ ನೀರನ್ನು ಹಾಗೆಯೇ ಮುಂದಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತವೆ. ಅಣು ಅರ್ಧಂಬರ್ಧ ಮುರಿದರೂ ಅಪಾಯವೇ: ಸಿಪ್ರೋಫ್ಲಾಕ್ಸಾಸಿನ್ನಿನ ಪಕ್ಕದ ಉಂಗುರ ಮಾತ್ರ ಒಡೆದು ಮೂಲ ಉಂಗುರ ಉಳಿದುಕೊಂಡರೆ ಔಷಧಗುಣ ಸ್ವಲ್ಪಮಟ್ಟಿಗೆ ಉಳಿಯಬಹುದು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೆರಕೆಯದು. ರ‍್ಯಾಡಿಕಲ್‌ಗೆ ಆಯ್ಕೆ ತಿಳಿಯದು. ಬ್ಯಾಕ್ಟೀರಿಯಾ ಸುಲಭವಾಗಿ ತಿನ್ನಬಲ್ಲ ಮೆಥನಾಲ್ ಇದ್ದರೆ ಮೊದಲು ಅದರ ಮೇಲೂ ದುಬಾರಿ ಪೆರಾಕ್ಸೈಡ್ ವ್ಯರ್ಥವಾಗುತ್ತದೆ. ತೊಂಬತ್ತು ಕಾರ್ಖಾನೆಗಳ ನೀರನ್ನು ಒಂದೇ ತೊಟ್ಟಿಯಲ್ಲಿ ಕಲಸಿದ ಮೇಲೆ ಔಷಧವನ್ನು ಹುಡುಕಿ ಒಡೆಯುವುದೆಂದರೆ ಹಣ ನೀರಿಗೆ ಸುರಿದಂತೆಯೇ. ಔಷಧ ದಟ್ಟವಾಗಿರುವ ಸಣ್ಣ ಪ್ರಮಾಣದ ನೀರನ್ನು ಆಯಾ ಕಾರ್ಖಾನೆಯಲ್ಲೇ ಬೇರ್ಪಡಿಸಿ ಉತ್ಕರ್ಷಣಕ್ಕೆ ಒಳಪಡಿಸಿ, ಬಳಿಕ ಸಾಮೂಹಿಕ ಘಟಕಕ್ಕೆ ಕಳಿಸುವುದು ಅಗ್ಗವೂ ಹೌದು, ಜಾಣತನವೂ ಹೌದು.

ಕೆಲವೆಡೆ ಕ್ರಮ ತಿರುವುಮುರುವಾಗುತ್ತದೆ. ಸ್ವಿಟ್ಜರ್ಲೆಂಡಿನ ಡ್ಯೂಬೆನ್‌ಡಾರ್ಫ್ ಬಳಿಯ ನಾಯ್‌ಗುಟ್ ಘಟಕದಲ್ಲಿ 2014ರಿಂದ ನಗರದ ಕೊಳಚೆಯನ್ನು ಮೊದಲು ಬ್ಯಾಕ್ಟೀರಿಯಾ ಶುಚಿಗೊಳಿಸುತ್ತವೆ. ಉಳಿದ ಔಷಧದ ಕುರುಹುಗಳನ್ನು ಓಝೋನ್ ಒಡೆಯುತ್ತದೆ. ಕೊನೆಗೆ ಮರಳು ಸೋಸುಕದಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಆ ತುಣುಕುಗಳನ್ನು ತಿನ್ನುತ್ತವೆ. ಸುಲಭದ ಆಹಾರ ಮೊದಲೇ ತೀರಿರುವುದರಿಂದ ಓಝೋನ್ ಖರ್ಚು ಮಿತವಾಗಿರುತ್ತದೆ.

ಭಾರತದಲ್ಲಿ ಕಾರ್ಖಾನೆಗಳನ್ನು ಇಂತಹ ವೆಚ್ಚಕ್ಕೆ ದೂಡುವ ನಿಯಮವೇ ಸಡಿಲ. ಒಳನಾಡಿನ ಜಲಮೂಲಕ್ಕೆ ಬಿಡುವ ನೀರಿಗೆ ಸಾಮಾನ್ಯ ಮಾನದಂಡ ಲೀಟರಿಗೆ 250 ಮಿಲಿಗ್ರಾಂ ಸಿಒಡಿ, 30 ಮಿಲಿಗ್ರಾಂ ಬಿಒಡಿ. ಪಟಾನ್‌ಚೆರುವಿನ ನೀರಿನಲ್ಲಿ ಕಂಡ 31 ಮಿಲಿಗ್ರಾಂ ಸಿಪ್ರೋಫ್ಲಾಕ್ಸಾಸಿನ್ ಸಿಒಡಿಗೆ ಸೇರಿಸುವುದು ಬರೀ 50 ಮಿಲಿಗ್ರಾಂ ಆಸುಪಾಸು. ಅಂದರೆ ಇಷ್ಟು ಔಷಧ ಹೊತ್ತ ನೀರು ಕೂಡ ಸಿಒಡಿ ಪರೀಕ್ಷೆಯಲ್ಲಿ ಪಾಸಾಗಬಹುದು. ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಹೊರಡಿಸಿದ ಕರಡಿನಲ್ಲಿ 121 ಪ್ರತಿಜೀವಕಗಳಿಗೆ ಮಿತಿ ಸೂಚಿಸಿತ್ತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಪಟ್ಟಿ ಇರಲಿಲ್ಲ. ಪ್ರತಿಜೀವಕ ತಯಾರಿಕೆಯ ತ್ಯಾಜ್ಯನೀರಿನ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಮಾರ್ಗಸೂಚಿ ಪ್ರಕಟಿಸಿದೆ. ಆದರೆ ಅದನ್ನು ಪಾಲಿಸಲೇಬೇಕೆಂಬ ಕಾನೂನು ಬಲ ಅದಕ್ಕಿಲ್ಲ.